ತೀರಿದ ಹೊತ್ತು

ಕಣ್ಣೂರಿನಲ್ಲಿ ಮುಚ್ಚಿಹೋದ ಬೇಕರಿಯೊಂದರ ಒಲೆ
ಮಾಕುಟ್ಟದ ತಿರುವು ಹತ್ತಿ ಬಂತು ವಿರಾಜಪೇಟೆಗೆ,
ಲಾರಿಯ ಬೆನ್ನ ಮೇಲೆ, ಟಾರ್ಪಾಲು ಹೊದ್ದು.
ಒಲೆಯ ದುಡ್ಡು ಕುಂಞಾಲಿ ಸಾಹೇಬರದು,
ಬ್ರೆಡ್ಡಿನ ಬೆವರು ನನ್ನದು.
ಬಡ್ಡಿ ಬೇಡ ಅಂದರು, ಕಾಗದ ಮಾತ್ರ ಬೇಕು ಅಂದರು:
ಕೊನೆಯ ಕಂತು ಹದಿನೈದರೊಳಗೆ ತೀರಬೇಕು,
ತೀರದಿದ್ದರೆ ಒಲೆ ಅವರದು.

ಹದಿನೈದು. ರಾತ್ರಿ ಹನ್ನೊಂದು ನಲವತ್ತು.
ಮೈದಾ ಮೆತ್ತಿದ ಬೆರಳನ್ನು ಫೋನು ಗುರುತು ಹಿಡಿಯದು,
ಸೀರೆಗೊರೆಸಿ ಮತ್ತೆ ಒತ್ತಿದೆ.
ನಲವತ್ತೆರಡು ಸಾವಿರ ನನ್ನಿಂದ ಕಳೆಯಿತು, ಟಿಣ್ ಅಂತ.
ಆಮೇಲೆ ಒಂದು ಚಕ್ರ
ತಿರುಗಿತು, ತಿರುಗಿತು.
ಟವರಿಗೆ ಅವತ್ತೂ ಜ್ವರ.
ಗಡಿಯಾರ ಕಂಬದ ಕಡೆ ನಾನು ನೋಡಲೇ ಇಲ್ಲ.

ನನ್ನಲ್ಲಿಲ್ಲ, ಅವರಲ್ಲಿಲ್ಲ.
ಅಷ್ಟೂ ದುಡ್ಡು ರಾತ್ರಿಯಿಡೀ
ಯಾರ ಜಗಲಿಯಲ್ಲಿ ಮಲಗಿತ್ತೋ.

ಬೆಳಗಿನ ಜಾವ ಮೂರಕ್ಕೆ ಸಾಹೇಬರು ತೀರಿಕೊಂಡರು.
ಒಂಬತ್ತು ಹತ್ತಕ್ಕೆ ದುಡ್ಡು ಅವರ ಖಾತೆ ಮುಟ್ಟಿತು.
ಸಾಲ ಮೊದಲು ತೀರಿತೋ
ಸಾಹೇಬರು ಮೊದಲೋ?

ಮೂರು ವಾರ ಬಿಟ್ಟು ಮಗ ನೌಫಲ್ ಬಂದ,
ಕೈಯಲ್ಲಿ ಪಾಸ್‌ಬುಕ್ಕು. ಕೆಟ್ಟ ಹುಡುಗನಲ್ಲ,
ಅಪ್ಪನ ಲೆಕ್ಕ ಓದಿ ಓದಿ ಕಣ್ಣು ಕೆಂಪು.
"ಫ್ಲೋರಿನಕ್ಕಾ, ಕಾಗದದಲ್ಲಿ ಹದಿನೈದು ಅಂತಿದೆ,
ಇದರಲ್ಲಿ ಹದಿನಾರು."

ಬೋಜಮ್ಮ ವಕೀಲರ ಆಫೀಸು ಜೇನಿನಂಗಡಿಯ ಮಹಡಿ.
ನೂರೈವತ್ತು ವರ್ಷದ ಹಳೇ ಕಾನೂನು ಬಿಡಿಸಿ ಓದಿದರು:
ಸಾಲ ಕೊಟ್ಟವನೇ ಅಂಚೆಯಲ್ಲಿ ಕಳಿಸು ಅಂದಿದ್ದರೆ,
ವಿಳಾಸ ಸರಿ ಬರೆದ ಲಕೋಟೆ ಅಂಚೆಗೆ ಬಿದ್ದ ಕ್ಷಣ
ಸಾಲ ತೀರಿತು.
ಆಮೇಲೆ ಚೀಲ ಹೊಳೆಗೆ ಬಿದ್ದರೂ
ಅದು ಕೊಟ್ಟವನ ಪಾಡು.
"ಫೋನಿಗೂ ಇದೇನಾ?" ಅಂದೆ.
ಕನ್ನಡಕ ತೆಗೆದರು. "ವಾದಿಸಬಹುದು.
ಅವನ ಖಾತೆಗೆ ಬಿದ್ದಾಗಲೇ ತೀರುವುದು ಅನ್ನುವವರೂ ಇದ್ದಾರೆ.
ಮೊದಲು ಹೇಳು, ಖಾತೆಗೆ ಹಾಕು ಅಂದದ್ದು ಯಾರು?"

ಅವರೇ.
ಕೌಂಟರಿಗೆ ಒರಗಿ, ಬನ್ನು ಚಹಾಕ್ಕೆ ಅದ್ದಿಕೊಂಡು,
"ನೋಟು ಎಣಿಸುವ ಕಣ್ಣಿಲ್ಲ ಮೋಳೇ, ಖಾತೆಗೆ ಹಾಕಿಬಿಡು" ಅಂತ
ಬ್ರೆಡ್ಡಿನ ಹೊದಿಕೆ ಹರಿದು ಅಂಕಿ ಬರೆದುಕೊಟ್ಟರು,
ಒಂಬತ್ತರ ಬಾಲ ಉದ್ದ ಎಳೆದು,
ಏಳಕ್ಕೆ ಸೊಂಟಪಟ್ಟಿ ಕಟ್ಟಿ.
(ಆ ಬನ್ನಿನ ದುಡ್ಡು ಇನ್ನೂ ಬಾಕಿ. ಅದಿರಲಿ.)

ಸಿಕ್ಕಿತು, ಈಸ್ಟಿನ ಡಬ್ಬದ ಕೆಳಗೆ, ಬೆಣ್ಣೆ ಕುಡಿದು,
ಬೆನ್ನಿಗೆ ನನ್ನದೇ ಅಕ್ಷರ:
"ಚರ್ಚಿಗೆ, ಪಪ್ಸ್ ಅರವತ್ತು."

ನೌಫಲ್ ಅದನ್ನು ಬಾಗಿಲ ಬೆಳಕಿಗೆ ಹಿಡಿದ.
ಖಾತೆ ಸಂಖ್ಯೆ ತಾಳೆ ನೋಡುತ್ತಾನೆ ಅಂದುಕೊಂಡೆ.
ಅವನ ಬೆರಳು ಅಂಕಿಯಿಂದ ಅಂಕಿಗೆ ನಡೆದು
ಏಳರ ಹತ್ತಿರ ನಿಂತುಬಿಟ್ಟಿತು.
"ಕಣ್ಣಿನ ಆಪರೇಶನ್ ಆದಮೇಲೆ ಉಪ್ಪ
ಪೆನ್ನು ಮುಟ್ಟಲಿಲ್ಲ ಅಂದುಕೊಂಡಿದ್ದೆವು.
ಇದು ನಾನಿಟ್ಟುಕೊಳ್ಳಲಾ?"

ನನಗಿರುವ ಪುರಾವೆ ಅದೊಂದೇ.
ಪ್ರಾಣ ಹೋದರೂ ಮೂಲಪ್ರತಿ ಬಿಡಬೇಡ
ಅಂದಿದ್ದರು ಬೋಜಮ್ಮ.
ಹಿಂದೆ ಒಲೆ ಉಸಿರಾಡುತ್ತಿತ್ತು, ಎರಡನೇ ಬ್ಯಾಚು ಒಳಗೆ.
ಪಕ್ಕದಂಗಡಿಗೆ ಓಡಿ ಜೆರಾಕ್ಸ್ ತೆಗೆಸಿ ಬಂದೆ,
ಬಿಸಿ ಆರುವ ಮೊದಲೇ.
ಮೂಲಪ್ರತಿ ಅವನಿಗೆ ಕೊಟ್ಟೆ.

ಒಪ್ಪಂದ ತೆಗೆದು ನನ್ನೆದುರು ಹರಿದನೇ? ಇಲ್ಲ.
ಅದು ಸಿನಿಮಾದಲ್ಲಿ.
ಉಮ್ಮನ ಹತ್ತಿರ ಮಾತಾಡಿ ಹೇಳ್ತೇನೆ ಅಂದ,
ಅಂಗಿಯ ಎಡಜೇಬು ಒತ್ತಿಕೊಂಡು ಇಳಿದ.

ಇವತ್ತಿಗೆ ಒಂಬತ್ತು ದಿನ.
ವಕೀಲರಿಗೆ ಹೇಳಿಲ್ಲ.
ಮೊಳೆಗೆ ಸಿಕ್ಕಿಸಿದ ಜೆರಾಕ್ಸ್
ಒಲೆಯ ಗಾಳಿಗೆ ಅಲ್ಲಾಡುತ್ತದೆ.
ಬೆಣ್ಣೆಯ ಕಲೆ ಅಚ್ಚಾಗಿ ಬಂದಿದೆ,
ಸೊಂಟಪಟ್ಟಿ ಬಂದಿಲ್ಲ.
ಏಳು ಅದರಲ್ಲಿ
ಒಂದರ ಹಾಗೆ ಕಾಣುತ್ತದೆ.