ನಡುವಿನ ಒಂಬೈನೂರು ಮೀಟರ್

ಹತ್ತಾ ಊರಿನ ಅಣೆಕಟ್ಟು ಹಿಂದೆ ಬಿತ್ತು.
ಬೆಳಗಿನ ಏಳಕ್ಕೇ ಕಲ್ಲು ಕಾದ ವಾಸನೆ,
ಸುಟ್ಟ ಇಟ್ಟಿಗೆಗೆ ನೀರು ಚಿಮುಕಿಸಿದ ಹಾಗೆ.
ನೀರು ಮಾತ್ರ ಇಲ್ಲ.
ಹಜರ್ ಬೆಟ್ಟಕ್ಕೆ ಹುಲ್ಲಿಲ್ಲ, ಮರೆಯಿಲ್ಲ,
ಎಲುಬಷ್ಟೇ ಎದ್ದು ನಿಂತಿದೆ.

ಶಾರ್ಜಾ ಬಿಟ್ಟು ನಾಲ್ಕನೇ ದಿನ.
ಸಲಾಲಾ ಇನ್ನೂ ಸಾವಿರದ ಚಿಲ್ಲರೆ ಕಿಲೋಮೀಟರ್.
ಬೆನ್ನಿಗೇ ಶೇರ್‌ದಿಲ್‌ನ ಪಿಕಪ್,
ಎರಡನೇ ಗೇರಿನಲ್ಲಿ ಕೆಮ್ಮುತ್ತ;
ಅದರಲ್ಲಿ ನೀರಿನ ಕ್ಯಾನು, ಖರ್ಜೂರ, ಮೂರು ಜೊತೆ ಶೂ,
ನೀಲವ್ವ ಕಳಿಸಿದ ಶೇಂಗಾ ಹಿಂಡಿಯ ಡಬ್ಬಿ.

ವರ್ಷದ ರಜೆ ಮೂವತ್ತು ದಿನ.
ಈ ಸಲ ಬರೂದಿಲ್ಲ, ಓಡ್ತೀನಿ ಅಂದಾಗ
ಫೋನಿನಲ್ಲಿ ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ:
"ಯಾರರೆ ಬೆನ್ನ ಹತ್ಯಾರೇನು?"

ಹೇಗೆ ಹೇಳಲಿ. ಹನ್ನೊಂದು ವರ್ಷ
ಟವರ್ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತವನು.
ಕೈಗಳು ದುಡಿದವು. ಕಬ್ಬಿಣ, ಕಾಂಕ್ರೀಟು,
ಒಮ್ಮೆ ಇಡೀ ಒಂದು ಈಜುಕೊಳ ಎತ್ತಿಟ್ಟವು.
ಕಾಲುಗಳು ಮಾತ್ರ ಯಾರದೋ ಸಾಮಾನಿನ ಹಾಗೆ
ಕೆಳಗೆ ಸುಮ್ಮನೆ ಬಿದ್ದಿದ್ದವು.
ಧೂಳಿಲ್ಲದ ದಿನ ನಲವತ್ತನೇ ಮಹಡಿಯಾಚೆ
ಒಂದು ನೀಲಿ ಹಲ್ಲುಸಾಲು ಕಾಣುತ್ತಿತ್ತು.
ಈಗ ಅದರ ಬಾಯೊಳಗೇ ಇದ್ದೇನೆ.

ಕೊನೆಯ ಏರು. ಬಾವುಟ. ತಗಡಿನ ನೆರಳು.
ಕಿಟಕಿಯಾಚೆ ಗಾನಿಮ್ ಎಂಬ ಅಧಿಕಾರಿ:
"ಗಾಡಿ ಎಲ್ಲಿ?"
"ಇಲ್ಲ. ಓಡಿ ಬಂದೆ."
"ಫಾರಮಿನಲ್ಲಿ ಗಾಡಿಯ ನಂಬರ್ ಬರೆಯಬೇಕು."
ಎದ್ದು ಬಗ್ಗಿ ನನ್ನ ಕಾಲು ನೋಡಿದ. ಬೇಕಾದಷ್ಟು ಹೊತ್ತು ನೋಡಿದ.
ಬೈಯಲಿಲ್ಲ. ತಣ್ಣನೆಯ ಬಾಟಲಿಯೊಂದು ಕೊಟ್ಟು ಹೇಳಿದ:
"ಆಚೆ ಠಾಣೆಗೆ ಒಂಬೈನೂರು ಮೀಟರ್.
ನಡುವೆ ಕಾಲಿಡುವ ಹಾಗಿಲ್ಲ. ಕೂತು ಹೋಗು."

ಕೂತು ಹೋಗು!

ಪಿಕಪ್ಪಿನ ಬಾಗಿಲು ಎಳೆದುಕೊಂಡೆ. ಎಸಿ ಗಾಳಿಗೆ
ಬೆವರು ಉಪ್ಪಾಗಿ ಹುಬ್ಬಿನ ಮೇಲೆ ಉಳಿಯಿತು.
ಎರಡೂ ಬದಿ ತಂತಿಬೇಲಿ; ಬೇಲಿಯೊಳಗೆ ಅದೇ ಕಲ್ಲು,
ಅದೇ ಜಾಲಿಯಂಥ ಗಿಡ, ಒಂದು ಹರಿದ ಚಪ್ಪಲಿ.
ಒಂದೇ. ಯಾರದು? ಯಾವ ಕಡೆ ಮುಖ ಮಾಡಿ ಹೋದವರದು?
ಶೇರ್‌ದಿಲ್ ಬೇಕೆಂದೇ ನಿಧಾನ ಮಾಡಿದ.
ನನ್ನ ಹಿಮ್ಮಡಿ ರಬ್ಬರಿನ ಹಾಸಿನ ಮೇಲೆ
ಟಕ್ ಟಕ್ ಟಕ್, ನಿಲ್ಲಿಸಲು ಆಗಲಿಲ್ಲ.
ಪಾಸ್‌ಪೋರ್ಟಿನಲ್ಲಿ ಒಂದು ದೇಶ ಮುಗಿದಿತ್ತು,
ಇನ್ನೊಂದು ಶುರುವಾಗಿರಲಿಲ್ಲ.
ಆ ಎರಡು ನಿಮಿಷದಲ್ಲಿ ಎದೆ ನಿಂತಿದ್ದರೆ
ನನ್ನನ್ನು ಯಾರು ಎತ್ತಿಕೊಳ್ಳುತ್ತಿದ್ದರೋ.

ಒಮಾನಿನ ಮೊಹರು ಬಿತ್ತು.
ಲಾರಿ ನಿಲ್ಲುವ ಅಂಗಳದಲ್ಲಿ ಒಂದು ಗಾಫ್ ಮರ.
ಹೆಜ್ಜೆ ಹಾಕಿ ಅಳೆದೆ: ಈರುಳ್ಳಿ ಲಾರಿಯಿಂದ ಮರ,
ಮರ ಬಳಸಿ ನಲ್ಲಿ, ನಲ್ಲಿಯಿಂದ ಲಾರಿ. ನೂರು ಮೀಟರ್.
ಒಂಬತ್ತು ಸುತ್ತು.
ಡ್ರೈವರುಗಳು ಚಹಾ ಹಿಡಿದು ಎಣಿಸಿದರು
ಮಲಯಾಳದಲ್ಲಿ, ಬಲೂಚಿಯಲ್ಲಿ, ಒಬ್ಬ ಸುಮ್ಮನೆ ಬೆರಳಲ್ಲಿ.
ಕೊನೆಯದಕ್ಕೆ ಹಾರ್ನ್ ಹೊಡೆದರು.

ಲೆಕ್ಕ ಸರಿಹೋಯಿತು.
ಜಾಗ ಸರಿಹೋಗಲಿಲ್ಲ. ಅಲ್ಲೇ ಇದೆ ಅದು,
ನನ್ನ ಪಾದ ಕಾಣದ ಒಂಬೈನೂರು ಮೀಟರ್,
ಒಂಟಿ ಚಪ್ಪಲಿ ಕಾಯ್ದುಕೊಂಡು.

ಶೂ ಒಳಗೆ ಏನೋ ಚುಚ್ಚಿತು. ಬಿಚ್ಚಿ ಕೊಡವಿದೆ:
ಹತ್ತಾದ ಹರಳು, ಕಡಲೆಯಷ್ಟು.
"ಇದಕ್ಕೆ ವೀಸಾ ಇಲ್ಲವಲ್ಲ" ಎಂದು
ಶೇರ್‌ದಿಲ್ ತನ್ನ ಜೇಬಿಗೆ ಹಾಕಿಕೊಂಡ.

ಇಳಿಜಾರು. ಗಾಳಿ ಎದುರಿಗೆ. ಇನ್ನೂ ಇಪ್ಪತ್ತಾರು ಇವತ್ತಿಗೆ.
ರಾತ್ರಿ ನೀಲವ್ವನಿಗೆ ಹೇಳಬೇಕು,
ಹೌದು, ಬೆನ್ನ ಹತ್ತೇತಿ,
ಒಂದು ಕುರ್ಚಿ.