ಸುಂಕದವನ ಮುಂದೆ

ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ನಾನು ಅವನನ್ನು ಮದುವೆಯೇ ಆದೆ.

ಮೂವತ್ತೊಂದು ವರ್ಷ ಕತ್ಸುಜಿ
ನಗಾನೊ ದಾಟಿದ ಹೆದ್ದಾರಿಯ ಬಾಯಲ್ಲಿ,
ನಿಂತರೆ ತಲೆ ತಾಗುವ ಗಾಜಿನ ಗೂಡಿನಲ್ಲಿ
ಕೂತ. ಬಂದವರ ಚೀಟಿ ತಗೊಂಡ, ಚಿಲ್ಲರೆ ಕೊಟ್ಟ,
"ಜೋಪಾನವಾಗಿ ಹೋಗಿ" ಅಂದ.
ದಿನಕ್ಕೆಷ್ಟು ಸಲ? ಒಮ್ಮೆ ಎಣಿಸಲು ಹೊರಟು
ಹಿಮ ಬಿತ್ತೆಂದು ಬಿಟ್ಟ.

ಅವನ ಬಲಗೈ ನೋಡಬೇಕು ನೀವು.
ಕಿಟಕಿಯಾಚೆ ಚಾಚಿ ಚಾಚಿ
ಚಳಿಗಾಲವೆಲ್ಲ ಅದೊಂದೇ ಒಡೆಯುತ್ತಿತ್ತು.
ಎಡಗೈ ಹೀಟರಿನ ಪಕ್ಕ ಬೆಚ್ಚಗೆ,
ಹೊಸ ಮದುಮಗನದ್ದು.
ಒಬ್ಬನೇ ಗಂಡ, ಕೈಗೊಂದು ವಯಸ್ಸು.
ರಾತ್ರಿ ಆ ಒಂದಕ್ಕೇ ಮುಲಾಮು ಹಚ್ಚುತ್ತ
ಅತ್ತೆಯ ಮಾತು, ಅಕ್ಕಿಯ ರೇಟು, ನನ್ನ ಸೊಂಟ
ಎಲ್ಲ ಹೇಳುತ್ತಿದ್ದೆ.
ಹೂಂ, ಅನ್ನುತ್ತಿದ್ದ.
ಚಿಲ್ಲರೆ ಎಣಿಸಿಕೊಟ್ಟ ಹಾಗೆ, ಒಂದೂ ಹೆಚ್ಚಿಲ್ಲ.

ಆಮೇಲೆ ಪಕ್ಕದ ಸಾಲಿಗೆ ನೇರಳೆ ಬಣ್ಣ ಬಂತು.
ನಿಲ್ಲದೆ ಹೋಗುವವರ ಸಾಲು.
ಮೊದಲು ದಿನಕ್ಕೆ ನಾಲ್ಕು ಕಾರು; ಅವನು ನಕ್ಕ.
ಆಮೇಲೆ ನಾನೂರು. ಇವನ ಕಿಟಕಿಗೆ ಉಳಿದದ್ದು
ಬಾಡಿಗೆ ಕಾರಿನವರು, ದಾರಿ ತಪ್ಪಿದವರು,
ಮತ್ತೆ ಒಬ್ಬ ಮುದುಕಿ, ಮೂಲಂಗಿ ತಂದುಕೊಡುವವಳು.
ಯಂತ್ರ ಮೂಲಂಗಿ ತಿನ್ನುವುದಿಲ್ಲವಲ್ಲ.
ಅರವತ್ತೈದಕ್ಕೆ ಇವನಿಗೊಂದು ಹೂಗುಚ್ಛ ಕೊಟ್ಟರು,
ಗೂಡಿಗೊಂದು ಬೀಗ.

ಆರು ವರ್ಷ ಅವನು ಹೆದ್ದಾರಿ ಹತ್ತಲಿಲ್ಲ.
ಘಾಟಿಯ ಹಳೇ ರಸ್ತೆ, ಟ್ರಾಕ್ಟರಿನ ಹಿಂದೆ ಟ್ರಾಕ್ಟರು.
"ನೋಟ ಚೆನ್ನಾಗಿದೆ" ಅನ್ನುತ್ತಿದ್ದ.
ನೋಟವೇ ಕೆಟ್ಟಿತು, ನನ್ನದು.
ನಡುವೆ ಒಂದು ಬೂದು ಮಚ್ಚೆ; ಅಂಚು ಮಾತ್ರ ನಿಚ್ಚಳ.
ತಿಂಗಳಿಗೊಮ್ಮೆ ಮತ್ಸುಮೊತೊದಲ್ಲಿ ಕಣ್ಣಿಗೆ ಸೂಜಿ,
ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ.

ಮಾತಾಡದೆ ಹೋಗಿ ಬ್ಯಾಂಕಿನಲ್ಲಿ ಕಾರ್ಡಿಗೆ ಬರೆದುಕೊಟ್ಟ.
ಎರಡು ವಾರ ಟಪಾಲು ಕಾದ.
ಗ್ಯಾರೇಜಿನ ಹುಡುಗ ಇವಾಕಿ
ಸ್ಟಿಯರಿಂಗಿನ ಕೆಳಗೆ ಸೋಪಿನಷ್ಟು ಪೆಟ್ಟಿಗೆ ಕೂರಿಸಿ,
ಗಾಜಿಗೆ ಆಂಟೆನಾ ಅಂಟಿಸಿ, ಕಾರಿನ ನಂಬರು ಅದಕ್ಕೆ ಕಲಿಸಿ,
"ಇಪ್ಪತ್ತರ ವೇಗ ಮೀರಬೇಡಿ ತಾತ,
ಕಂಬಿ ತಾನೇ ಏಳುತ್ತೆ" ಅಂದ.
ತಾತ ಹೂಂ ಅಂದ.

ಹೋಗುವಾಗ ಎದ್ದಿತು.
ಬರುವಾಗ ನಡುವೆ ಚಹಾಕ್ಕೆ ನಿಂತೆವು;
ಕಳ್ಳರ ಭಯಕ್ಕೆ ಕಾರ್ಡು ತೆಗೆದು ಜೇಬಿಗಿಟ್ಟು
ಅಲ್ಲೇ ಮರೆತ.
ಅವನ ಹಳೇ ಗೂಡಿನ ಪಕ್ಕದಲ್ಲೇ
ಕಂಬಿ ಏಳಲಿಲ್ಲ.

ನನಗೆ ಕಂಬಿ ಕಾಣಲಿಲ್ಲ, ಅದಿದ್ದದ್ದು ನಡುವೆ.
ಅಂಚಿನಲ್ಲಿ ಕಂಡಿತು: ಕಿಟಕಿ ಇಳಿಸಿ
ಕತ್ಸುಜಿಯ ಬಲಗೈ ಹೊರಗೆ ಚಾಚಿತ್ತು,
ಬೀಗ ಹಾಕಿದ ಗೂಡಿನತ್ತ, ಅಂಗೈ ಮೇಲಾಗಿ.
ಕೊಡುವುದಕ್ಕೋ ಇಸಕೊಳ್ಳುವುದಕ್ಕೋ
ಕೈಗೇ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ಕಂಬದೊಳಗಿಂದ ಒಬ್ಬ ಹುಡುಗಿಯ ದನಿ,
ಯಾವ ಊರಿನ ಯಾವ ಕೋಣೆಯಿಂದಲೋ:
"ತೊಂದರೆಗೆ ಕ್ಷಮಿಸಿ. ದಯವಿಟ್ಟು ಗಾಡಿ ಹಿಂದಕ್ಕೆ..."
"...ತೆಗೆಯಬೇಡಿ, ಕೆಳಗೆ ಇಳಿಯಬೇಡಿ" ಇವನು ಮುಗಿಸಿದ.
ಎಲ್ಲಿ ಹತ್ತಿದಿರಿ? ಹೇಳಿದ.
ಗಾಡಿಯ ವರ್ಗ ಹೇಳಿದ. ಅವಳು ಲೆಕ್ಕ ಹಾಕುವ ಮೊದಲೇ
ಸುಂಕವನ್ನೂ ಹೇಳಿದ, ಹತ್ತು ಯೆನ್ ಆಚೀಚೆ ಆಗದೆ.
ಕಂಬ ಸ್ವಲ್ಪ ಹೊತ್ತು ಸುಮ್ಮನಿತ್ತು.
"ಸರಿಯಾಗಿದೆ" ಅಂತು. ಆಮೇಲೆ,
ಯಾರೂ ಬರೆದುಕೊಟ್ಟಿರದ ದನಿಯಲ್ಲಿ, "ಹೇಗೆ ಗೊತ್ತು?"

ಹಿಂದೆ ಲಾರಿಯೊಂದು ದೀಪ ಮಿಣುಕಿಸಿತು.
ಕಂಬಿ ಎದ್ದಿತು.
"ಜೋಪಾನವಾಗಿ ಹೋಗಿ"
ಅವಳೂ ಇವನೂ ಒಟ್ಟಿಗೇ ಅಂದರು.

ಈಗ ರೂಢಿಯಾಗಿದೆ. ಕಾರ್ಡು ಜೇಬಿಗೆ ಹೋಗುವುದಿಲ್ಲ.
ಕಂಬಿಯಡಿ ನುಸುಳುವಾಗ
ಬಲಗೈಯ ನಾಲ್ಕು ಬೆರಳು ಮಾತ್ರ
ಸ್ಟಿಯರಿಂಗಿನಿಂದ ಒಂದಿಷ್ಟು ಮೇಲೇಳುತ್ತವೆ.
ಮೊನ್ನೆ ಅಲ್ಲೇ, ಪೆಟ್ಟಿಗೆ ಸುಂಕ ಒದರುವಾಗ,
"ಉರೀತಿದೆ ಕಣ್ಣು" ಅಂದೆ.
ಹೂಂ, ಅಂದ.
ಊರಿನ ತಿರುವು ಬಂತು, ಅಕ್ಕಿ ಗಿರಣಿ ಬಂತು.
"ಯಾವ ಕಣ್ಣು?" ಅಂದ.