ಹೆಪ್ಪು

ಮಹಾವೀರ ಸರ್ಕಲ್ಲಿನ ಹತ್ತಿರ ಆಗ ಎರಡು ಅಂಗಡಿ, ಎದುರುಬದುರು.
ನಡುವೆ ರಸ್ತೆ, ರಸ್ತೆ ತುಂಬ ಆಲೂಗಡ್ಡೆ ಲಾರಿ.
ಈ ಕಡೆ ಧರಣೇಂದ್ರಯ್ಯನವರ ಪದ್ಮಾ ಕಂಪ್ಯೂಟರ್ಸ್,
ಆ ಕಡೆ ಮುನಾವರ್ ಪಾಷಾ ಅವರ ಡೆಕ್ಕನ್.
ಎರಡರ ಹೊಟ್ಟೆಯಲ್ಲೂ ಅದೇ ತೈವಾನಿನ ಬೋರ್ಡು,
ನೆತ್ತಿಯ ಮೇಲೆ ಅಂಟಿಸಿದ ಹೆಸರಷ್ಟೇ ಬೇರೆ.
ಹಾಸನಕ್ಕೆ ಮೊದಲು ತಂದವರು ನಾವು
ಎಂದು ಇಬ್ಬರೂ ಹೇಳುತ್ತಿದ್ದರು, ಇಬ್ಬರೂ ನಂಬಿದ್ದರು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು.
ಧರಣೇಂದ್ರಯ್ಯ ಧೂಳಿಗೆ ಹೆದರಿ
ಯಂತ್ರಕ್ಕೆ ಹಸಿರು ವೆಲ್ವೆಟ್ಟಿನ ಗವಸು ಹೊಲಿಸಿದರು;
ಮರುವಾರ ಎದುರಿಗೆ ನೀಲಿ ವೆಲ್ವೆಟ್ಟು, ಅಂಚಿಗೆ ಜರಿ.
ಪಾಷಾ ಗಂಟೆಗೆ ಹತ್ತು ರೂಪಾಯಿ ಅಂದರು.
ಇವರು ಎಂಟು, ಜೊತೆಗೆ ಅರ್ಧ ಲೋಟ ಕಾಫಿ.
ಅವರು ಏಳು.
ಇವರು ಕಾಫಿ ನಿಲ್ಲಿಸಿದರು.
ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು
ಗಾಜಿನಿಂದ ಗಾಜಿಗೆ ದೃಷ್ಟಿಯುದ್ಧ,
ಲಾರಿ ಅಡ್ಡ ಬಂದರೆ ಕದನವಿರಾಮ.

ಮಂಡಿ ಲೆಕ್ಕದ ಪ್ರೋಗ್ರಾಮು ಹುಟ್ಟಿದ್ದು ಪದ್ಮಾದಲ್ಲಿ:
ಮೂಟೆ, ತೂಕ, ಹಮಾಲಿ, ಕಮಿಷನ್,
ಕೊಳೆತದ್ದಕ್ಕೆ ವಜಾ, ಕೊನೆಗೆ ಒಟ್ಟು.
ಅವರು ಹೇಳಿದರು, ನಾನು ಟೈಪು ಮಾಡಿದೆ,
ಏಳು ತಿಂಗಳು, ತಿಂಗಳಿಗೆ ಇನ್ನೂರೈವತ್ತು.
ಪಾಷಾ ನಾನೂರು ಎಂದ ದಿನ ರಸ್ತೆ ದಾಟಿದೆ.
ಫ್ಲಾಪಿ ಕದ್ದಳು ಅಂದರು. ಇಲ್ಲ.
ಬ್ಯಾಗಿನಲ್ಲಿ ಇದ್ದದ್ದು ಛತ್ರಿ, ತೊಳೆದ ಡಬ್ಬಿ.
ತಲೆ ಮಾತ್ರ ಜೊತೆಗೇ ಬಂತು;
ಹೊಸಿಲಾಚೆ ಬಿಟ್ಟು ಬರಲು ಅದೇನು ಚಪ್ಪಲಿಯೇ?

ಜಗಳ ಮಂಡಿಗೇ ಬಂತು.
ಸಾಹುಕಾರರ ಮೇಜಿನ ಮೇಲೆ ಎರಡು ಬಿಲ್ಲು, ಅಕ್ಕಪಕ್ಕ.
ಟೋಟಲ್ ಎಂಬ ಇಂಗ್ಲಿಷ್ ಪದದಲ್ಲಿ
ಎ ಇರಬೇಕಾದ ಕಡೆ, ಎರಡರಲ್ಲೂ, ಇ.
‘ಕಾಪಿ ಹೊಡೆದ ಹುಡುಗ
ಪಕ್ಕದವನ ರಿಜಿಸ್ಟರ್ ನಂಬರೂ ಬರೆದ ಹಾಗಾಯ್ತು!’
ಧರಣೇಂದ್ರಯ್ಯನವರ ದನಿಯಲ್ಲಿ ಗೆಲುವು.
ಪಾಷಾ ನನ್ನ ಮುಖ ನೋಡಿದರು.
ನಾನು ಫ್ಯಾನು ನೋಡಿದೆ.

ಗುಮಾಸ್ತ ಜವರಪ್ಪ ಆಗ ಎದ್ದ,
ಗೋಣಿಯ ಮರೆಯಿಂದ ಕೆಂಪು ಬಟ್ಟೆಯ ಪುಸ್ತಕ ಎಳೆದ:
ಮೂಟೆ, ತೂಕ, ಹಮಾಲಿ, ಕಮಿಷನ್, ವಜಾ,
ಸೀಸದ ಕಡ್ಡಿಯ ಐದು ಗೀಟು.
‘ಇದನ್ನ ನೋಡ್ಕೊಂಡು ಹೋದೋರು ನೀವೇ ಅಲ್ವಾ,
ಒಬ್ಬರು ಸೋಮವಾರ, ಒಬ್ಬರು ಗುರುವಾರ?
ನಾನು ಅರಸೀಕೆರೆ ಕೊಬ್ಬರಿ ಮಂಡೀಲಿ ನೋಡಿ ಗೀಟು ಹಾಕ್ಕಂಡೆ,
ಅವರೆಲ್ಲಿ ನೋಡಿದ್ರೋ.
ಹೆಪ್ಪಿಗೆ ಅಂತ ಒಂದು ಚಮಚ ಇಸ್ಕೊಂಡ್ ಬಂದ್ಮೇಲೆ
ಯಾರ ಮನೆ ಹಸೂದು ಅಂತ ಕೇಳ್ತಾರಾ ಸ್ವಾಮೀ?
ಹಾಲು ನಿಮ್ಮದೇ ಇದ್ರೆ ಸಾಕು.’

ಹಮಾಲರು ನಕ್ಕರು. ಸಾಹುಕಾರರು ಯೋಚಿಸಿದರು,
ಕೊನೆಗೆ ಇಬ್ಬರ ಹತ್ತಿರವೂ ಕೊಳ್ಳಲಿಲ್ಲ.
ಮೈಸೂರಿನಿಂದ ಒಬ್ಬ ಬಂದು
ಎರಡನ್ನೂ ನೋಡಿ ಮೂರನೆಯದು ಮಾಡಿಕೊಟ್ಟ,
ಅರ್ಧ ರೇಟಿಗೆ.

ಪದ್ಮಾ ಇದ್ದಲ್ಲಿ ಈಗ ಕನ್ನಡಕದ ಅಂಗಡಿ.
ಡೆಕ್ಕನ್ನಿನ ಶಟರು ಎಳೆದೇ ಇದೆ;
ನೀಲಿ ಗವಸು ನನ್ನ ಹೊಲಿಗೆ ಮಿಷನ್ನಿನ ಮೇಲಿದೆ,
ಜರಿ ಕಪ್ಪಾಗಿದೆ.

ಹೋದ ತಿಂಗಳು ಚಿಕ್ಕಮಗಳೂರಿನಲ್ಲಿ
ಕಾಫಿಪುಡಿ ಕೊಂಡೆ, ಕಾಲು ಕೆಜಿ, ಚಿಕೋರಿ ಬೇಡವೆಂದೆ.
ಬಿಲ್ಲಿನ ಬುಡದಲ್ಲಿ ಅದೇ ಪದ,
ಎ ಇರಬೇಕಾದ ಕಡೆ ಇ.
ಮೂವತ್ತು ಚಿಲ್ಲರೆ ವರ್ಷ ಯಾರ್ಯಾರ ಕೈ ದಾಟಿ,
ಯಾವ ಯಾವ ಡಬ್ಬಿಯ ಹೊಟ್ಟೆ ಹೊಕ್ಕು,
ಗುರುತು ಸಿಕ್ಕುವಂತೆ ನಿಂತಿತ್ತು.
ಇದೊಂದಾದರೂ ನನ್ನದು ಅನ್ನಬೇಕೆನ್ನಿಸಿತು.
ಅಷ್ಟರಲ್ಲಿ ನೆನಪಾಯಿತು: ದುದ್ದದ ಬಸ್ಸಿಳಿದು
ನಾನು ಮೊದಲು ಕೂಡಿಸಿಕೊಂಡು ಓದಿದ ಇಂಗ್ಲಿಷು
ಸ್ಟ್ಯಾಂಡಿನೆದುರಿನ ಹೋಟೆಲಿನ ಬೋರ್ಡು.
ಆ ಬೋರ್ಡಿನ ಬಾಲದಿಂದ ಬಂದ ಇ ಅದು.

ಚೀಟಿಯನ್ನೇ ನೋಡುತ್ತ ನಿಂತದ್ದು ಕಂಡು
ಹುಡುಗ ಕೇಳಿದ: ಲೆಕ್ಕ ತಪ್ಪಾಗಿದೆಯಾ, ಮೇಡಂ?
ಇಲ್ಲಪ್ಪ, ಅಂದೆ.
ಲೆಕ್ಕ ಸರಿಯಾಗಿದೆ.